ಹನಮಂತ ತೀರಿಕೊಂಡ ದಿನ

೧೯೧೬ರ ಮಳೆಗಾಲ ಹಿಡಿದರೂ ನಾಗನೂರಿನ ಉದ್ದವ್ವನಿಗೆ ತನ್ನ ಗಂಡ ಸತ್ತಿದ್ದಾನೋ ಬದುಕಿದ್ದಾನೋ ತಿಳಿಯದಾಗಿತ್ತು. ಹನಮಂತ ಪಲ್ಟನ್ ಸೇರಿ, ಬಸ್ರಾದಾಚೆಯ ಮರಳುಗಾಡಿಗೆ ತುರ್ಕರ ಮೇಲಿನ ಯುದ್ಧಕ್ಕೆ ಹೋಗಿದ್ದ. ಜನವರಿಯಲ್ಲಿ ಆಸ್ಪತ್ರೆಯೊಳಗೆ ಜ್ವರದಿಂದ ತೀರಿಕೊಂಡನೆಂದು ಗೋಕಾಕದ ಟಪಾಲಿನಲ್ಲಿ ಸರಕಾರಿ ಕಾಗದ ಬಂತು. ಆದರೆ ಅದೇ ಪಲ್ಟನ್ನಿನಿಂದ ಒಂದು ಕಾಲು ಕಳೆದುಕೊಂಡು ಮೂಡಲಗಿಗೆ ಮರಳಿದ್ದ ಕೇದಾರಿ, ತುರ್ಕರ ಸೆರೆಯಾಳುಗಳಲ್ಲಿ ಅವನನ್ನು ಕಣ್ಣಾರೆ ಕಂಡೆನೆಂದು ಹೇಳಿ ಕಳಿಸಿದ್ದ.

ಮೈದುನ ಪರಪ್ಪ ಕಾಗದವನ್ನು ನಂಬಿ, ಅತ್ತಿಗೆಯ ಬಳೆ ಒಡೆಸಬೇಕೆಂದ. ಅತ್ತೆ ಕಾಶೆವ್ವ, "ನನ್ನ ಮಗಾ ಜೀವಂತ ಅದಾನ. ಯಾರರ ಇಕಿ ಬಳಿಗೆ ಕೈ ಹಚ್ಚಿದ್ರ ನೋಡ್ರಿ!" ಎಂದು ಅನ್ನ ಬಿಟ್ಟು ಕೂತಳು. ಇದನ್ನು ತೀರ್ಮಾನಿಸಲು ಸಂಜೆಗೆ ಹಿರಿಯರು ಕೂಡುವುದೆಂದಾಯಿತು. ಅಂದು ಬೆಳಿಗ್ಗೆಯೇ ಉದ್ದವ್ವ ಮೂಡಲಗಿಯ ದಾರಿ ಹಿಡಿದಳು.

ಕೇದಾರಿ ಕಟ್ಟೆಯ ಮೇಲಿದ್ದ. ಅವಳು ನಿಂತೇ ಕೇಳಿದಳು.

"ಅಣ್ಣಾರ, ನಿಮಗ ಗುಂಡು ಬಡದದ್ದು ಯಾವಾಗ್ರಿ?"

"ಗೌರಿ ಹುಣ್ಣಿವಿ ಮರುದಿನ. ಆವಾಗಲೇ ಹಡಗಿನ್ಯಾಗ ಹಾಕಿ ಮುಂಬೈ ದವಾಖಾನಿಗೆ ಕಳಿಸಿದ್ರು."

"ತುರ್ಕರು ಮಂದೀನ ಸೆರಿ ಹಿಡದದ್ದು?"

"ಯುಗಾದಿ ಆದಮ್ಯಾಲ."

"ಯುಗಾದಿಗೆ ನೀವು ಮುಂಬೈ ದವಾಖಾನ್ಯಾಗ ಇದ್ರಿ. ನಮ್ಮ ಮನಿಯವ್ರನ್ನ ಹೆಂಗ ನೋಡಿದ್ರಿ?"

ಕೇದಾರಿ ಪಕ್ಕದ ಊರುಗೋಲನ್ನು ಹತ್ತಿರ ಎಳೆದುಕೊಂಡ.

"ಹೇಳ್ರಿ ಅಣ್ಣಾರ. ಸಂಜೀಕ ಹಿರ್‍ಯಾರು ಕೂಡ್ತಾರ."

"ಅವತ್ತ ಅಂವಗೂ ಹೊಟ್ಟಿಗೆ ಗುಂಡು ಬಡದಿತ್ತು, ತಂಗಿ. ಗಾಡ್ಯಾಗ ಒಬ್ಬಗಷ್ಟ ಜಾಗಾ ಇತ್ತು. ನನ್ನ ಎತ್ತಿ ಹಾಕಿದ್ರು. ಉಸುಕಿನಾಗ ಬಿದ್ದಾಂವ ನೀರು ಕೇಳಿದ. ನನ್ನ ಬಾಟ್ಲ್ಯಾಗ ಎರಡು ಗುಟುಕು ಇತ್ತು... ಕೊಡಲಿಲ್ಲ. ಹಿಂದ ತುರ್ಕರು ಬರಾಕತ್ತಿದ್ರು. ಅಂವಗ ಇನ್ನೂ ಜೀವ ಇತ್ತು. ಗಾಡಿ ಹೊಡದ್ರು."

"ಮತ್ತ ದವಾಖಾನಿ? ಜ್ವರ?"

"ಅಲ್ಲೀತನಕ ಅಂವ ಹೆಂಗ ಉಳದಾನು? ಯಾರ ಹೆಸರು ಯಾರ ಕಾಗದದಾಗ ಬರದಾರೋ. ಅವನ ಅವ್ವಗ ಇದನ್ನ ಹೇಳಾಕ ಬಾಯಿ ಬರಲಿಲ್ಲ. ಅದಕ್ಕ ಜೀವಂತ ಅದಾನ ಅಂದೆ."

ಅವನ ಊರುಗೋಲು ಕಸಿದು ಅವನಿಗೇ ಬಾರಿಸಬೇಕೆನ್ನುವಷ್ಟು ಸಿಟ್ಟು ಬಂತು ಉದ್ದವ್ವನಿಗೆ. ಬಾಯಿಗೆ ಸೆರಗು ಒತ್ತಿಕೊಂಡು ಹೊರಟುಬಂದಳು.

ಮನೆಯಲ್ಲಿ ಹಿರಿಯರು ಆಗಲೇ ಕೂತಿದ್ದರು. ಕಾಶೆವ್ವ ಬಾಗಿಲಿಗೆ ಓಡಿಬಂದಳು. "ಏನಂದ? ಅದಾನಲ್ಲಾ ನನ್ನ ಮಗಾ?"

ಆ ಮುಖ ನೋಡುತ್ತಲೇ ಉದ್ದವ್ವ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಹೇಳಿದಳು.

"ಇಲ್ರಿ ಅತ್ತಿ. ಕಾಗದನ ಖರೆ. ಅಂವ ನೋಡಿದ್ದು ಬ್ಯಾರೆಯವ್ರನ್ನಂತ. ದವಾಖಾನ್ಯಾಗ ಹಾಸಿಗಿ ಮ್ಯಾಲ ಹ್ವಾದ್ರಂತ. ಬಾಜೂ ಮಂದಿ ಇದ್ರಂತ. ಬಾಯಾಗ ನೀರು ಬಿಟ್ರಂತ."

ಮುದುಕಿ ಅಲ್ಲೇ ಕುಸಿದಳು. ಉದ್ದವ್ವ ತಾನೇ ಬಳೆ ಒಡೆದುಕೊಂಡಳು. ಅತ್ತೆ ಎರಡು ದಿನ ಅತ್ತು ಮೂರನೆಯ ದಿನ ಗಂಜಿ ಕುಡಿದಳು.

ಐದು ವರ್ಷ ಕಳೆದ ಮೇಲೆ, ಯುದ್ಧದಲ್ಲಿ ಮಡಿದವರ ಹೆಸರು ಬರೆದುಕೊಳ್ಳಲು ಗೋಕಾಕದಿಂದ ಮಾಸ್ತರರೊಬ್ಬರು ಬಂದರು. ಅವರ ಕೈಯಲ್ಲಿದ್ದ ಪಲ್ಟನ್ನಿನ ಯಾದಿಯಲ್ಲಿ ಹನಮಂತ ನವೆಂಬರಿನಲ್ಲೇ, ಅಂದರೆ ಆ ಗೌರಿ ಹುಣ್ಣಿಮೆಯ ಹೊತ್ತಿಗೇ, ಕಾಣೆಯಾದನೆಂದಿತ್ತು.

"ನಿಮ್ಮ ಕಾಗದದಾಗ ಜನವರಿ ಐತಿ. ಯಾವುದು ಖರೆ ತಂಗಿ?"

ಒಳಗೆ ಹಾಸಿಗೆ ಹಿಡಿದಿದ್ದ ಕಾಶೆವ್ವನ ಕೆಮ್ಮು ನಿಂತಿತು. ಮುದುಕಿ ಕಿವಿಗೊಟ್ಟಿದ್ದಳು.

"ಜನವರಿ ಬರ್‍ಕೋರಿ," ಎಂದಳು ಉದ್ದವ್ವ. ಮಾಸ್ತರರು ಬರೆದು ಮುಗಿಸುವವರೆಗೂ ಕದಲದೆ ನಿಂತಿದ್ದಳು.