ಭಜ್ಜಿಯ ಉಪ್ಪು

ಎಳ್ಳ ಅಮಾವಾಸ್ಯೆಯ ಭಜ್ಜಿ ಎಂದರೆ ಬೆಂಗಳೂರಿನ ಗೆಳತಿಯರು ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿಯನ್ನೇ ನೆನೆಯುತ್ತಾರೆ. ವಿವರಿಸಿ ಹೇಳಿ ನನಗೂ ಸಾಕಾಗಿದೆ. ನಮ್ಮ ಆಳಂದದ ಕಡೆ ಭಜ್ಜಿಯೆಂದರೆ ಆ ಹೊತ್ತಿಗೆ ಹೊಲದಲ್ಲಿ ಏನೇನು ಸಿಗುತ್ತದೋ ಅಷ್ಟೂ ಒಂದೇ ಪಾತ್ರೆಯಲ್ಲಿ: ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ, ಬದನೆ, ಗಜ್ಜರಿ ಎನ್ನುವ ಕ್ಯಾರೆಟ್, ಮೆಂತ್ಯದ ಸೊಪ್ಪು, ಹಲ್ಲಿಗೆ ಸಿಕ್ಕರೆ ಪಟ್ಟನೆ ಒಡೆಯುವ ಬಾರಿಹಣ್ಣು, ಅಂದರೆ ಬೋರೆಹಣ್ಣು. ಹುಣಸೆ ಹುಳಿಯಲ್ಲಿ ಕಡಲೆಹಿಟ್ಟು ಕದಡಿ ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಎರಡು ದಿನ ಮೊದಲೇ ಎಳ್ಳು ಹಚ್ಚಿ ಬಡಿದಿಟ್ಟ ಸಜ್ಜೆ ರೊಟ್ಟಿಯ ಜೊತೆ ಹೊಲದಲ್ಲಿ ಕೂತು ತಿನ್ನಬೇಕು. ಮನೆಯೊಳಗೆ ಕುರ್ಚಿಯ ಮೇಲೆ ಕೂತು ತಿಂದವರು ಭಜ್ಜಿ ತಿಂದೇ ಇಲ್ಲ ಎನ್ನುವವಳು ನಾನು.

ಮುಗಿಯಿತು ಅಂದೆ, ಉಪ್ಪೊಂದನ್ನು ಬಿಟ್ಟು. ಹೊಲದಲ್ಲಿ ಚರಗ ಚೆಲ್ಲುವವರೆಗೆ, ಅಂದರೆ ಭೂಮಿತಾಯಿಗೆ ಮೊದಲ ತುತ್ತು ಹಾಕುವವರೆಗೆ, ಆ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಸರಸಂಬಾದ ನಮ್ಮ ಮನೆಯಲ್ಲಿ ಅತ್ತೆ ಪಾತ್ರೆಯ ಮೇಲೆ ಬಾಗಿ, ಹಬೆಯ ವಾಸನೆಯಿಂದಲೇ ಉಪ್ಪು ಹೇಳುತ್ತಿದ್ದರು. ಒಂದು ವರ್ಷವೂ ತಪ್ಪಿದ್ದಿಲ್ಲ. ಜೇವರ್ಗಿಯಿಂದ ಸೊಸೆಯಾಗಿ ಬಂದ ನನಗೆ ಹದಿನೆಂಟು ವರ್ಷ ಕಾಳು ಸುಲಿಯುವ ಕೆಲಸವೇ ಕಾಯಂ. ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಸಾಕು, "ನೀ ಆಚಿ ಸರಿ ಬೇ" ಅನ್ನುತ್ತಿದ್ದರು. ಒಳಗೊಳಗೇ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಕಳೆದ ಮಳೆಗಾಲದಲ್ಲಿ ಅತ್ತೆಗೆ ಜೋರು ಜ್ವರ ಬಂದು ಹೋಗಿತ್ತು. ಆಮೇಲೆ ಅವರು ಊಟದಲ್ಲಿ ತಪ್ಪು ಹುಡುಕುವುದನ್ನೇ ಬಿಟ್ಟಿದ್ದರು. ವಯಸ್ಸಾಯಿತು, ಮೆತ್ತಗಾದರು ಅಂತ ನಾನು ಖುಷಿಪಟ್ಟಿದ್ದೆ. ಅಮಾವಾಸ್ಯೆಯ ದಿನ ಬೆಳಗ್ಗೆ ಭಜ್ಜಿ ಕುದಿಯುತ್ತಿತ್ತು. ಅತ್ತೆ ಎಂದಿನಂತೆ ಬಾಗಿದರು. ಎದ್ದರು. ಮತ್ತೆ ಬಾಗಿದರು. ಮುಖವೆಲ್ಲ ಹಬೆಯಿಂದ ಒದ್ದೆಯಾಗುವವರೆಗೆ ಹಾಗೇ ಇದ್ದು, ನನ್ನ ಕಡೆ ತಿರುಗದೆಯೇ ಕೇಳಿದರು:

"ಉಪ್ಪು ಸರಿ ಆಗ್ಯದೇನು, ನೋಡು."

"ನನಗ ಹ್ಯಾಂಗ ಗೊತ್ತಾಗ್ತದರಿ ಅತ್ತಿ?"

"ನನಗ ವಾಸನಿನೇ ಬರವಲ್ದು ಬೇ. ಜ್ವರ ಬಂದಾಗಿಂದ ಬಾಯಿಗೆ ರುಚಿನೂ ಇಲ್ಲ. ಯಾರ ಮುಂದೂ ಹೇಳಬ್ಯಾಡ."

ನರೋಣಾದಿಂದ ಅವರ ತಂಗಿ, ಹಿರೋಳ್ಳಿಯಿಂದ ಬೀಗರು, ಎಲ್ಲರೂ ಹೊತ್ತೇರುವಷ್ಟರಲ್ಲಿ ಹೊಲಕ್ಕೆ ಬರುವವರಿದ್ದರು. ಅತ್ತೆಯ ಕೈಯ ಭಜ್ಜಿಗಾಗಿಯೇ ವರ್ಷಕ್ಕೊಮ್ಮೆ ಬರುವ ಜನ. ಅದು ಕೆಟ್ಟರೆ ಅತ್ತೆ ಇನ್ನು ಒಲೆಯ ಮುಂದೆ ಕೂರುವುದೇ ಇಲ್ಲವೆಂದು ನನಗೆ ಗೊತ್ತಿತ್ತು. ನಾನೂ ಬಾಗಿ ನೋಡಿದೆ. ಬೆಳ್ಳುಳ್ಳಿ ಬಿಟ್ಟು ಬೇರೇನೂ ಮೂಗಿಗೆ ತಿಳಿಯಲಿಲ್ಲ. ಹದಿನೆಂಟು ವರ್ಷ ಕಾದಿದ್ದ ಅಧಿಕಾರ ಸಿಕ್ಕಿತ್ತು. ಸೌಟಿನ ತುದಿಯಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿಬಿಟ್ಟೆ.

ಅತ್ತೆ ನೋಡಿದರು. ನಾನು ಬೈಗುಳಕ್ಕೆ ಕಾದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಭೂಮಿತಾಯಿ ಕೂಡ ನಾ ಮಾತಾಡ್ತೇನಿ. ನೀ ಎಷ್ಟು ಬೇಕು ಹೇಳು" ಅಂದರು.

ಇನ್ನೂ ಅರ್ಧ ಹಿಡಿ ಬೇಕಿತ್ತು. ಹಾಕಿದ್ದು ಅವರೇ.

ಹೊಲದಲ್ಲಿ ಸುಣ್ಣ ಬಳಿದ ಐದು ಕಲ್ಲುಗಳಿಗೆ ಪೂಜೆಯಾಯಿತು. ಮಾವ ಜೋಳದ ಸಾಲುಗಳಲ್ಲಿ ಚರಗ ಚೆಲ್ಲಿ ಬಂದರು. ಅತ್ತೆ ಮಾತ್ರ ಕಲ್ಲುಗಳ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೈ ಮುಗಿದು ಕೂತಿದ್ದರು. ಊಟಕ್ಕೆ ಕೂತಾಗ ಅವರ ತಂಗಿ ಮೊದಲ ತುತ್ತಿಗೇ, "ಅಕ್ಕಾ, ನಿನ್ನ ಕೈ ಭಜ್ಜಿ ಅಂದ್ರ ಇದು ನೋಡು!" ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು. ನನಗೆ ಹೆಮ್ಮೆಯಾಗಲಿಲ್ಲ. ಅಷ್ಟು ಜನ ಚಪ್ಪರಿಸುತ್ತಿದ್ದ ಅಡುಗೆಯ ರುಚಿ ಅದನ್ನು ಮಾಡಿದವರಿಗೇ ಇರಲಿಲ್ಲ.

ಎಲ್ಲರದೂ ಆದ ಮೇಲೆ ನಾವಿಬ್ಬರೂ ಕೂತೆವು. ಅತ್ತೆ ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. ಆಮೇಲೆ ನನ್ನ ಕಡೆ ಸರಿದು ಮೆಲ್ಲಗೆ, "ಹ್ಯಾಂಗ ಆಗ್ಯದ?" ಅಂದರು.

"ಚಲೋ ಆಗ್ಯದರಿ."

"ಹಂಗಲ್ಲ ಬೇ. ಒಂದೊಂದೇ ಹೇಳು."

"ಮೊದಲ ಹುಳಿ ಹತ್ತತದರಿ. ಆಮ್ಯಾಲ ತೊಗರಿ ಕಾಳು, ಸಿಹಿ ಸಿಹಿ. ಮೆಂತ್ಯ ಒಂಚೂರು ಕಹಿ ಅದ. ಈಗ ಒಂದು ಬಾರಿಹಣ್ಣು ಸಿಕ್ಕದರಿ."

"ಒಡೀತೇನು?" ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಒಡೀತ್ರಿ."

ಅವರು ಬಾಯಲ್ಲಿದ್ದ ತುತ್ತನ್ನು ಆಗ ನುಂಗಿದರು. "ಹ್ಞಾಂ," ಅಂದರು. "ಇನ್ನೊಂದು ತುತ್ತು ತಿನ್ನು."