ಉತ್ತರ ಬಾರದ ಚಿತ್ರ

ಅಕ್ಕನ ಬಲಭುಜ ಎಡಭುಜಕ್ಕಿಂತ ಎರಡು ಬೆರಳಷ್ಟು ಕೆಳಗಿತ್ತು. ಹೆಗಲಿಗೆ ಹಾಕಿಕೊಂಡ ಚೀಲ ಆ ಕಡೆ ನಿಲ್ಲುತ್ತಲೇ ಇರಲಿಲ್ಲ. ಅದು ಜಾರುವುದು, ಅವರು ಎತ್ತಿ ಹಾಕಿಕೊಳ್ಳುವುದು, ಮತ್ತೆ ಜಾರುವುದು. ಹನ್ನೊಂದು ವರ್ಷ ಹೆಂಗಸರ ಎದೆಯ ಮೇಲೆ ಅಲ್ಟ್ರಾಸೌಂಡಿನ ಪ್ರೋಬನ್ನು ಒತ್ತಿ ಹಿಡಿದು ಹಿಡಿದು ಭುಜ ಹಾಗಾಗಿತ್ತು. ಚೀಲವನ್ನು ಎಡಕ್ಕೆ ಹಾಕಿಕೊಳ್ಳಬಾರದೇ ಎಂದು ಒಮ್ಮೆ ಕೇಳಿದ್ದೆ. "ಇರೋ ಒಂದು ಭುಜಾನಾದ್ರೂ ನೆಟ್ಟಗಿರ್ಲಿ ಬುಡು" ಎಂದಿದ್ದರು.

ಒಡಹುಟ್ಟಿದವರಲ್ಲ, ನಾನು ಅಕ್ಕ ಎನ್ನುತ್ತಿದ್ದೆ ಅಷ್ಟೇ; ಅವರು ಮಂಡ್ಯದ ಕಡೆಯವರು. ಊರಿನಲ್ಲಿ ಸರಕಾರಿ ಆಸ್ಪತ್ರೆಯ ಡಾಕ್ಟರಾಗಿದ್ದವರು. ಮದುವೆಯಾಗಿ ಅಮೆರಿಕದ ಕ್ಯಾಂಪ್‌ಬೆಲ್‌ಗೆ ಬಂದು, ಇಲ್ಲಿನ ಪರೀಕ್ಷೆಗಳನ್ನೆಲ್ಲ ಹೊಸದಾಗಿ ಬರೆಯಲು ಕೂರುವ ಹೊತ್ತಿಗೆ ಮಗಳು ಹುಟ್ಟಿದಳು. ಡಾಕ್ಟರಿಕೆ ಅಲ್ಲಿಗೆ ನಿಂತಿತು. ಆಮೇಲೆ ಎರಡು ವರ್ಷದ ಕೋರ್ಸು ಮಾಡಿ ಅಲ್ಟ್ರಾಸೌಂಡ್ ಟೆಕ್ನಿಷಿಯನ್ ಆದರು. ಇಲ್ಲಿ ಟೆಕ್ನಿಷಿಯನ್ ಆದವರು ಚಿತ್ರ ತೆಗೆಯಬಹುದು, ಅದರಲ್ಲಿ ಏನಿದೆ ಎಂದು ರೋಗಿಗೆ ಹೇಳುವಂತಿಲ್ಲ. ಹೇಳುವುದು ಡಾಕ್ಟರ ಕೆಲಸ. "ಅಲ್ಲಿ ಬಾಯಿ ಇರೋ ಡಾಕ್ಟ್ರಾಗಿದ್ದೆ, ಇಲ್ಲಿ ಬಾಯಿ ಹೊಲ್ಕೊಂಡಿರೋ ಡಾಕ್ಟ್ರು" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ ಎಂದು ತಿಳಿಯುವ ವಯಸ್ಸು ಆಗ ನನಗಿರಲಿಲ್ಲ.

ನಾನು ಫಾಸ್ಟರ್ ಸಿಟಿಯ ಒಂದು ಸಣ್ಣ ಕಂಪನಿಯಲ್ಲಿದ್ದೆ. ಒಟ್ಟು ಹನ್ನೊಂದು ಜನ. ನಮ್ಮ ಕಟ್ಟಡದಲ್ಲಿ ಮಿಕ್ಕವರೆಲ್ಲ ಇಂಟರ್ನೆಟ್ಟಿನಲ್ಲಿ ಏನಾದರೊಂದನ್ನು ಮಾರುತ್ತಿದ್ದರು. ಒಬ್ಬರು ಹೂವು, ಇನ್ನೊಬ್ಬರು ನಾಯಿಯ ತಿಂಡಿ, ಮತ್ತೊಬ್ಬರು ಏನು ಮಾರುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. ನಾವು ಮಾತ್ರ ಎದೆಯ ಗಂಟುಗಳ ಅಲ್ಟ್ರಾಸೌಂಡ್ ಚಿತ್ರ ನೋಡಿ ಇದು ಸಾದಾ ಗಂಟು, ಇದು ಕ್ಯಾನ್ಸರ್ ಗಂಟು ಎಂದು ಬೇರೆ ಮಾಡುವ ಪ್ರೋಗ್ರಾಮು ಬರೆಯುತ್ತಿದ್ದೆವು. ಬರೆಯುತ್ತಿದ್ದವನು ಮುಖ್ಯವಾಗಿ ನಾನು. ಸಾದಾ ಆದರೆ ಪರದೆಯ ಮೂಲೆಯಲ್ಲಿ ಹಸಿರು ಚೌಕ ಬರುತ್ತಿತ್ತು, ಕ್ಯಾನ್ಸರ್ ಆದರೆ ಕೆಂಪು. ನನಗೆ ಇಪ್ಪತ್ತಾರು ವರ್ಷ. ಒಂದು ನಿಜವಾದ ಗಂಟನ್ನು ಕೈಯಲ್ಲಿ ಮುಟ್ಟಿ ನೋಡಿದವನಲ್ಲ, ಜಂಬಕ್ಕೆ ಮಾತ್ರ ಕಡಿಮೆಯಿರಲಿಲ್ಲ.

ಅಕ್ಕ ವಾರಕ್ಕೆ ಎರಡು ಮಧ್ಯಾಹ್ನ ಕ್ಲಿನಿಕ್ಕಿನ ಕೆಲಸ ಮುಗಿಸಿ ನಮಗೆ ಪಾಠ ಹೇಳಲು ಬರುತ್ತಿದ್ದರು. ಹೆಸರು ಅಳಿಸಿ ನಂಬರು ಹಾಕಿದ ಚಿತ್ರಗಳನ್ನು ತರುತ್ತಿದ್ದರು. ಜೊತೆಗೆ ಒಂದು ನೀಲಿ ನೋಟ್‌ಬುಕ್ಕು. ಅದರಲ್ಲಿ ಪ್ರತಿ ನಂಬರಿನ ಎದುರು ಸೂಜಿ ಹಾಕಿ ತೆಗೆದ ಚೂರಿನ ಪರೀಕ್ಷೆ ಏನು ಹೇಳಿತು ಎಂಬ ಉತ್ತರ ಇರುತ್ತಿತ್ತು. ಮೊದಲು ಪ್ರೋಗ್ರಾಮು ಹೇಳಬೇಕು, ಆಮೇಲೆ ನಾನು ಹೇಳಬೇಕು, ಕೊನೆಗೆ ಅವರು ನೋಟ್‌ಬುಕ್ಕು ತೆಗೆಯುವರು. ಉತ್ತರ ಇಲ್ಲದ ಚಿತ್ರವನ್ನು ಅವರು ತರುತ್ತಲೇ ಇರಲಿಲ್ಲ. "ಕಣ್ಣು ನೂರು ಹೇಳತ್ತೆ. ಸೂಜಿ ಹೇಳಿದ್ದೇ ನಿಜ" ಎನ್ನುವರು.

ಅವರು ಪಾಠ ಹೇಳುವ ರೀತಿಯೇ ಬೇರೆ. ನಾನು ಉದ್ದಗಲದ ಲೆಕ್ಕ, ಅಂಚಿನ ಲೆಕ್ಕ ಎಂದು ಸಮೀಕರಣ ಬರೆದು ತೋರಿಸಿದರೆ ಅವರು ಅದನ್ನು ಪಕ್ಕಕ್ಕೆ ಸರಿಸಿ, "ಗಂಟು ಅಂದ್ರೆ ಮನೆಗೆ ಬಂದ ನೆಂಟರು ಅಂದ್ಕೊ" ಎಂದು ಶುರು ಮಾಡುತ್ತಿದ್ದರು. "ಬಂದೋರು ಚಾಪೆ ಹಾಸ್ಕೊಂಡು ಅಡ್ಡಡ್ಡ ಮಲ್ಗಿದ್ರೆ ತೊಂದ್ರೆ ಇಲ್ಲ, ಇದ್ದು ಹೋಗ್ತಾರೆ. ನೆಟ್ಟಗೆ ನಿಂತ್ಕೊಂಡು ಗೋಡೆ ಕೆರೆಯೋಕೆ ಶುರು ಮಾಡಿದ್ರೆ ಅನುಮಾನ ಪಡು." ಅಡ್ಡ ಮಲಗಿದ, ಅಂಚು ನುಣುಪಾದ ಗಂಟು ಸಾಮಾನ್ಯವಾಗಿ ಸಾದಾ. ಎತ್ತರಕ್ಕೆ ನಿಂತ, ಅಂಚು ಮುಳ್ಳುಮುಳ್ಳಾದ ಗಂಟು ಕೆಟ್ಟದ್ದು. ನಾನು ಮೂರು ತಿಂಗಳು ಓದಿದ ಸಂಶೋಧನಾ ಪೇಪರುಗಳಲ್ಲಿ ಇದ್ದದ್ದೂ ಅಷ್ಟೇ.

ಕ್ಲಿನಿಕ್ಕಿನಲ್ಲಿ ಅವರದೊಂದು ಪದ್ಧತಿಯಿತ್ತು. ಪರೀಕ್ಷೆಗೆ ಮಲಗಿದ ಹೆಂಗಸು ಯಾರೇ ಇರಲಿ, ನಿನ್ನೆ ಏನು ಅಡುಗೆ ಮಾಡಿದಿರಿ ಎಂದು ಕೇಳುವರು. ಪ್ರೋಬನ್ನು ಆಡಿಸುತ್ತ ಅದೇ ದನಿಯಲ್ಲಿ ಅಡುಗೆಯ ಮಾತನ್ನೇ ಕೊನೆಯವರೆಗೂ ಎಳೆಯುವರು. ಪರದೆಯಲ್ಲಿ ಏನೇ ಕಂಡರೂ ದನಿ ಬದಲಾಗಕೂಡದು. "ಒಬ್ರ ಹತ್ರ ಸ್ವಲ್ಪ ಜಾಸ್ತಿ ಪ್ರೀತಿಯಿಂದ ಮಾತಾಡಿದ್ರೂ ಮುಗೀತು, ಅವ್ರಿಗೆ ಗೊತ್ತಾಗ್ಬಿಡತ್ತೆ" ಎಂದು ಅದರ ಗುಟ್ಟನ್ನು ನನಗೆ ಹೇಳಿದ್ದರು.

ಆ ಪದ್ಧತಿ ಒಂದೇ ಒಂದು ದಿನ ಕೈಕೊಟ್ಟದ್ದನ್ನೂ ಅವರೇ ಹೇಳಿದರು. ಇಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹಾಸನದ ಕಡೆಯಿಂದ ಬಂದಿದ್ದ ಮುದುಕಿಯೊಬ್ಬರು ಪರೀಕ್ಷೆಗೆ ಬಂದಿದ್ದರಂತೆ. ಅಕ್ಕ ಕನ್ನಡದಲ್ಲಿ ಮಾತಾಡಿದ್ದೇ ತಡ, ಆಕೆ ಕೈ ಹಿಡಿದುಕೊಂಡು, "ಏನವ್ವ, ಐತಾ? ನನ್ ಮಗ್ಳಿಗೆ ಹೇಳ್ಬ್ಯಾಡ, ನಂಗೊಬ್ಬಳಿಗೆ ಹೇಳು" ಎಂದರಂತೆ. "ಡಾಕ್ಟ್ರು ಹೇಳ್ತಾರೆ ಅವ್ವ" ಎಂದು ಅಕ್ಕ ಹೇಳಿದರು. ಮುದುಕಿ ಅವರ ಮುಖವನ್ನೇ ನೋಡಿದರು. ಆಮೇಲೆ, "ಗೊತ್ತಾಯ್ತು ಬುಡವ್ವ" ಎಂದು ಕೈ ಬಿಟ್ಟರಂತೆ. ಇದನ್ನು ಹೇಳುವಾಗ ಅಕ್ಕ ಡಬ್ಬಿಯಲ್ಲಿದ್ದ ಉಪ್ಸಾರು ಅನ್ನವನ್ನು ಕಲಸುತ್ತಲೇ ಇದ್ದರು, ಒಂದು ತುತ್ತೂ ಬಾಯಿಗೆ ಇಡಲಿಲ್ಲ. "ಬೇರೆ ಭಾಷೇಲಿ ಸುಳ್ಳು ಹೇಳೋದು ಸುಲಭ ಕಣೋ" ಎಂದು ಡಬ್ಬಿ ಮುಚ್ಚಿದರು.

ಆ ವರ್ಷದ ಕೊನೆಯ ಹೊತ್ತಿಗೆ ನನ್ನ ಪ್ರೋಗ್ರಾಮು ಚೆನ್ನಾಗಿಯೇ ಉತ್ತರ ಹೇಳತೊಡಗಿತ್ತು. ಅಕ್ಕ ತಂದ ಚಿತ್ರಗಳಲ್ಲಿ ತಪ್ಪುವುದು ಅಪರೂಪವಾಯಿತು. ಕಾಲು ನೆಲಕ್ಕೆ ಮುಟ್ಟದಂಥ ದಿನಗಳು. ಮುಂದಿನ ವಾರ ಕಂಪನಿಗೆ ಹಣ ಹಾಕುವ ದೊಡ್ಡ ಮನುಷ್ಯರ ಮುಂದೆ ಪ್ರೋಗ್ರಾಮಿನ ಡೆಮೊ ಇತ್ತು. ಅಂಥ ಒಂದು ಮಧ್ಯಾಹ್ನ ಅಕ್ಕ ಬಂದು, ಆರು ಚಿತ್ರ ಮುಗಿಸಿ, ಏಳನೆಯದನ್ನು ಮುಂದಿಟ್ಟರು. ಹಸಿರು ಚೌಕ ಬಂತು.

"ನೀನೇನಂತೀಯ?" ಎಂದರು.

"ಇದ್ರಲ್ಲಿ ಅನ್ನೋದೇನಿದೆ ಅಕ್ಕ, ಪಾಠದ ಪುಸ್ತಕಕ್ಕೆ ಹಾಕೋ ಹಾಗಿದೆ. ಅಡ್ಡ ಮಲಗಿದೆ, ಅಂಚು ನುಣುಪು. ಸಾದಾ."

"ನಂಗೂ ಹಾಗೇ ಅನ್ಸತ್ತೆ."

"ಉತ್ತರ?"

"ಇನ್ನೂ ಬಂದಿಲ್ಲ" ಎಂದರು. ನೋಟ್‌ಬುಕ್ಕು ತೆರೆಯಲಿಲ್ಲ. "ನೀನು ಊಟ ಮಾಡಿದ್ಯಾ? ಏನು ಮಾಡ್ಕೊಂಡಿದ್ದೆ?" ಎಂದು ಕೇಳಿದರು. ನಾನು ಮೊಸರನ್ನ ಎಂದೆ. ಅವರು ಚೀಲ ಎತ್ತಿಕೊಂಡು ಹೊರಟರು.

ಉತ್ತರವಿಲ್ಲದ ಚಿತ್ರವನ್ನು ಅವರು ತಂದದ್ದು ಅದೇ ಮೊದಲು. ಯಾಕೆ ಎಂದು ನಾನು ಕೇಳಬೇಕಾಗಿತ್ತು. ಯಾರದು ಎಂದು ಕೇಳಬೇಕಾಗಿತ್ತು. ನನಗೆ ಡೆಮೊದ ಚಿಂತೆ. ಅವರ ದನಿಯಲ್ಲಿ ಒಂದಿಷ್ಟಾದರೂ ವ್ಯತ್ಯಾಸ ಕೇಳಿತೇ ಎಂದು ಆಮೇಲೆ ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ಕೇಳಿರಲಿಲ್ಲ. ಹನ್ನೊಂದು ವರ್ಷದ ಅಭ್ಯಾಸ ಅದು.

ವಸಂತ ಬರುವಷ್ಟರಲ್ಲಿ ಇಂಟರ್ನೆಟ್ ಕಂಪನಿಗಳು ಒಂದೊಂದಾಗಿ ಮುಳುಗಿ ನಮ್ಮ ಕಟ್ಟಡ ಬರಿದಾಗತೊಡಗಿತು. ಹೂವಿನವರು ಹೋದರು, ನಾಯಿತಿಂಡಿಯವರು ಹೋದರು, ಕುರ್ಚಿಗಳನ್ನು ಪಾರ್ಕಿಂಗ್ ಲಾಟಿನಲ್ಲಿ ಸಾಲಾಗಿ ಇಟ್ಟು ಯಾರು ಬೇಕಾದರೂ ತೆಗೆದುಕೊಂಡು ಹೋಗಿ ಎಂದು ಚೀಟಿ ಅಂಟಿಸಿದ್ದರು. ನಮ್ಮಲ್ಲಿ ಹನ್ನೊಂದು ಜನ ನಾಲ್ಕಾದೆವು. ಅದೇ ಗಡಿಬಿಡಿಯಲ್ಲಿ ಅಕ್ಕ ಮೂರು ವಾರ ಬಂದಿಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು. ಫೋನ್ ಮಾಡಿದರೆ, "ಶನಿವಾರ ಮನೆಗೇ ಬಾ, ಊಟಕ್ಕೆ" ಎಂದರು.

ಕ್ಯಾಂಪ್‌ಬೆಲ್ಲಿನ ಮನೆಯ ಅಡುಗೆಮನೆಯಲ್ಲಿ ಅಕ್ಕನ ಗಂಡ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಅಕ್ಕನನ್ನು ಅಕ್ಕ ಎನ್ನುತ್ತಿದ್ದುದರಿಂದ ಅವರನ್ನು ನಾನು ಭಾವ ಎನ್ನುತ್ತಿದ್ದೆ. ಅವರು ಒಲೆಯ ಮುಂದೆ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಕ್ಕ ತಲೆಗೆ ಹತ್ತಿಯ ಸ್ಕಾರ್ಫು ಕಟ್ಟಿಕೊಂಡು ಮೇಜಿನ ಹತ್ತಿರ ಕೂತಿದ್ದರು. ಅದನ್ನು ನೋಡಿದ ಮೇಲೆ ಏನೂ ಹೇಳಬೇಕಾಗಿರಲಿಲ್ಲ. ಆದರೂ ಅವರು ಹೇಳಿದರು.

"ಆವತ್ತೊಂದು ಚಿತ್ರಕ್ಕೆ ಉತ್ತರ ಬಂದಿಲ್ಲ ಅಂದಿದ್ನಲ್ಲ, ಜ್ಞಾಪಕ ಇದ್ಯಾ?"

"ಏಳನೇದು" ಎಂದೆ.

"ಬಂತು ಕಣೋ ಉತ್ತರ."

ಏಳನೆಯ ಚಿತ್ರ ಅವರದೇ. ಒಂದು ದಿನ ಕ್ಲಿನಿಕ್ಕಿನಲ್ಲಿ ಊಟದ ಬಿಡುವಿನ ಹೊತ್ತು ಬಾಗಿಲು ಹಾಕಿಕೊಂಡು, ಎಡಗೈಯಲ್ಲಿ ಪ್ರೋಬು ಹಿಡಿದು, ತಮ್ಮ ಎದೆಯ ಗಂಟನ್ನು ತಾವೇ ನೋಡಿಕೊಂಡಿದ್ದರು. ಆ ಚಿತ್ರಕ್ಕೂ ಒಂದು ನಂಬರು ಹಾಕಿ ಮಿಕ್ಕವರ ಚಿತ್ರಗಳ ಜೊತೆ ನನ್ನ ಮುಂದೆ ತಂದಿಟ್ಟಿದ್ದರು. ಕ್ಲಿನಿಕ್ಕಿನ ಡಾಕ್ಟರನ್ನು ಕೇಳಲಿಲ್ಲ, ಗಂಡನಿಗೆ ಹೇಳಲಿಲ್ಲ. ತಮ್ಮನಂಥ ಹುಡುಗನಿಗೆ ಇದು ನನ್ನದು ಎನ್ನಲು ಬಾಯಿ ಬಾರದು. ನಂಬರು ಹಾಕಿದರೆ ಯಾರದೂ ಅಲ್ಲ. ನನ್ನ ಮಾತು ಕೇಳಿ ಮೂರು ತಿಂಗಳು ಸುಮ್ಮನಿದ್ದರು. ಕಂಕುಳಲ್ಲಿ ಇನ್ನೊಂದು ಗಂಟು ಕೈಗೆ ಸಿಕ್ಕಿದಾಗ ಸೂಜಿ ಹಾಕಿಸಿದರು.

"ಅಂಚು ಅಷ್ಟು ನುಣುಪಾಗಿತ್ತಲ್ಲ ಅಕ್ಕ" ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

"ಇದೊಂದು ಜಾತಿ ಹಾಗೇ. ಎಷ್ಟು ಬೇಗ ಬೆಳೆಯತ್ತೆ ಅಂದ್ರೆ ಅಕ್ಕಪಕ್ಕದ್ದನ್ನ ಎಳೆದಾಡೋಕೂ ಪುರುಸೊತ್ತಿರಲ್ಲ ಅದಕ್ಕೆ. ನಂಗೆ ಗೊತ್ತಿಲ್ದೆ ಇರೋದಲ್ಲ." ಅಕ್ಕ ನನ್ನ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ನಿನ್ನ ಮೇಲೆ ತಪ್ಪು ಹಾಕೋಕೆ ಹೇಳ್ತಿಲ್ಲ ಕಣೋ. ಬೇರೆ ಯಾರದಾದ್ರೂ ಆಗಿದ್ರೆ ಮಾರನೇ ದಿನಾನೇ ಸೂಜಿ ಹಾಕ್ಸಿ ಅಂತ ಡಾಕ್ಟ್ರ ಹಿಂದೆ ಬೀಳ್ತಿದ್ದೆ. ನಾನು ಆವತ್ತು ಉತ್ತರ ಕೇಳೋಕೆ ಬಂದಿರ್ಲಿಲ್ಲ. ಹೂಂ ಅನ್ನಿಸ್ಕೊಂಡು ಹೋಗೋಕೆ ಬಂದಿದ್ದೆ."

ಭಾವ ಸಾರಿನ ಪಾತ್ರೆಯನ್ನು ತಂದು ಮೇಜಿನ ಮೇಲಿಟ್ಟು, ಹಿತ್ತಲಿನ ಬಾಗಿಲು ತೆರೆದುಕೊಂಡು ಹೊರಗೆ ಹೋದರು. ನಾನು ಅತ್ತೆ. ಅಕ್ಕ ಅಳಲಿಲ್ಲ. ಆ ಚಿತ್ರವನ್ನು ಅಳಿಸಿಬಿಡುತ್ತೇನೆ, ಅದನ್ನು ಇನ್ನು ನೋಡಲಾರೆ ಎಂದೆ. ಆಗ ಮಾತ್ರ ಅವರಿಗೆ ಸಿಟ್ಟು ಬಂತು.

"ಅಳಿಸಿದ್ರೆ ನಿನ್ನ ಮುಖ ನೋಡಲ್ಲ ನಾನು. ಉತ್ತರ ಬರೆದು ಅಲ್ಲೇ ಇಡು. ಇನ್ನೊಂದು ಹೇಳ್ತೀನಿ ಕೇಳು. ನಿನ್ನ ಮಷೀನಿಗೆ ಎರಡೇ ಮಾತು ಯಾಕೆ ಕಲಿಸ್ದೆ? ಹಸಿರು ಇಲ್ಲ ಕೆಂಪು. ಗೊತ್ತಿಲ್ಲ ಅನ್ನೋದನ್ನ ಕಲಿಸು. ಗೊತ್ತಿಲ್ಲ, ಸೂಜಿ ಹಾಕ್ಸಿ ಅಂತ."

"ಗೊತ್ತಿಲ್ಲ ಅನ್ನೋ ಮಷೀನನ್ನ ಯಾರು ಇಟ್ಕೋತಾರೆ ಅಕ್ಕ?"

"ನಾನು ಇಟ್ಕೋತಿದ್ದೆ" ಎಂದರು.

ಆ ಬೇಸಿಗೆಯೆಲ್ಲ ನಾನು ಮಾಡಿದ್ದು ಅದೊಂದೇ ಕೆಲಸ. ನಾಲ್ಕು ಜನ ಇಬ್ಬರಾದೆವು. ಡೆಮೊ ನೋಡಿದ ದೊಡ್ಡ ಮನುಷ್ಯರು ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಖಾಲಿ ಕಟ್ಟಡದಲ್ಲಿ ಕೂತು, ಅಕ್ಕ ನನ್ನ ಕೈಗೆ ಕೊಟ್ಟಿದ್ದ ನೀಲಿ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಕೊನೆಯವರೆಗೂ ಮತ್ತೆ ಓದಿದೆ. ಏಳನೆಯ ಚಿತ್ರದ ಎದುರು ಉತ್ತರವನ್ನು ನನ್ನ ಕೈಯಿಂದಲೇ ಬರೆದೆ. ಪ್ರತಿ ಸಲ ಪ್ರೋಗ್ರಾಮು ಬದಲಾಯಿಸಿದಾಗಲೂ ಆ ಚಿತ್ರವನ್ನು ಹಾಕಿ ನೋಡುತ್ತಿದ್ದೆ. ಪ್ರತಿ ಸಲವೂ ಹಸಿರು ಚೌಕ. ನಾನು ಕಲಿಸಿದ್ದನ್ನು ಅದು ಅಷ್ಟು ಚೆನ್ನಾಗಿ ಕಲಿತಿತ್ತು. ಶನಿವಾರಗಳಂದು ಕ್ಯಾಂಪ್‌ಬೆಲ್‌ಗೆ ಹೋದಾಗ ಅಕ್ಕ, "ಈಗೇನಂತೆ?" ಎಂದು ಕೇಳುವರು. ಸಾದಾ ಅಂತಲೇ ಹೇಳುತ್ತಿದೆ ಎನ್ನುತ್ತಿದ್ದೆ. "ಪಾಪ, ಅದಕ್ಕೂ ನನ್ನ ಹಾಗೇ ಆಸೆ" ಎನ್ನುವರು. ಒಂದೊಂದು ಶನಿವಾರಕ್ಕೂ ಅವರ ದನಿ ಸಣ್ಣದಾಗುತ್ತಿತ್ತು. ಕೊನೆಕೊನೆಗೆ ಮಲಗಿದಲ್ಲಿಂದ ಹುಬ್ಬು ಎತ್ತಿ ಕೇಳುತ್ತಿದ್ದರು, ನಾನು ತಲೆ ಆಡಿಸುತ್ತಿದ್ದೆ.

ಚಳಿ ಶುರುವಾದ ಮೇಲೆ ಒಂದು ಗುರುವಾರ ಬೆಳಿಗ್ಗೆ ಆ ಚಿತ್ರಕ್ಕೆ ಹಸಿರೂ ಬರಲಿಲ್ಲ, ಕೆಂಪೂ ಬರಲಿಲ್ಲ. ಬೂದು ಬಣ್ಣದ ಚೌಕ ಬಂತು. ಕೆಳಗೆ, ಗೊತ್ತಿಲ್ಲ, ಸೂಜಿ ಪರೀಕ್ಷೆ ಮಾಡಿಸಿ ಎಂಬ ಸಾಲು. ಮೂರು ಸಲ ಹಾಕಿ ನೋಡಿದೆ. ಅದನ್ನು ಪ್ರಿಂಟ್ ತೆಗೆದುಕೊಂಡು ಶನಿವಾರಕ್ಕೆ ಕಾಯದೆ ಫ್ರೀವೇ ಹಿಡಿದು ಹೊರಟೆ.

ಮನೆಯ ಮುಂದೆ ಆಗಲೇ ಚಪ್ಪಲಿ, ಬೂಟುಗಳು ಸೇರಿದ್ದವು. ಬೆಳಗಿನ ಎಂಟು ಗಂಟೆಗೆ ಅಕ್ಕ ಹೋಗಿಬಿಟ್ಟಿದ್ದರು. ಮನೆಯವರು ನನಗೆ ಫೋನ್ ಮಾಡಿದ್ದರಂತೆ, ಆಗ ನಾನು ದಾರಿಯಲ್ಲಿದ್ದೆ. ಭಾವ ಬಾಗಿಲಿಗೆ ಬಂದು ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದರು. ಮುಚ್ಚಿಡಬೇಕು ಎಂದು ನನಗೆ ಹೊಳೆಯಲಿಲ್ಲ. ತೆಗೆದುಕೊಂಡು ನಿಧಾನವಾಗಿ ಓದಿದರು. ಅದು ಯಾರ ಚಿತ್ರ ಎಂದು ಅವರಿಗೆ ಗೊತ್ತಿತ್ತು.

"ಇದನ್ನ ಆವತ್ತೇ ಹೇಳೋಕೆ ಬರ್ತಿರ್ಲಿಲ್ವಾ ಇದಕ್ಕೆ?" ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದರು.

"ಅದಕ್ಕೆ ಬರ್ತಿರ್ಲಿಲ್ಲ ಭಾವ" ಎಂದೆ. "ನಂಗೆ ಬರ್ತಿತ್ತು."

ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ವಾಪಸು ಕೊಟ್ಟು, ಒಳಗೆ ಬಾ ಎಂದು ದಾರಿ ಬಿಟ್ಟರು.