ಎರಡು ಮಾಡೆಲ್‌ಗಳ ನಡುವೆ ಚಿಕ್ಕತಾಯಮ್ಮ

ಚಿಕ್ಕತಾಯಮ್ಮ ಕಣ್ಣು ಮುಚ್ಚಿಕೊಂಡು ರಸ್ತೆ ಹೇಳುತ್ತಿದ್ದರು. ಗುಂಡ್ಲುಪೇಟೆಯಿಂದ ಕಾಡು ದಾಟಿ ಗಡಿಯಾಚೆಯ ಸುಲ್ತಾನ್ ಬತ್ತೇರಿಯವರೆಗೆ ಎಲ್ಲಿ ಏರು, ಎಲ್ಲಿ ಇಳಿಜಾರು, ಯಾವ ತಿರುವಿನಲ್ಲಿ ಮರದ ನೆರಳು ಮುಖದ ಮೇಲೆ ಹಾದು ತಂಪಾಗುತ್ತದೆ, ಮೂಲೆಹೊಳೆಯ ಸೇತುವೆ ಹತ್ತಿದಾಗ ಚಕ್ರದ ಸದ್ದು ಹೇಗೆ ಬದಲಾಗುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಹೇಳುತ್ತ ಹೇಳುತ್ತ ಅವರ ಮೈ ಕುಳಿತಲ್ಲೇ ಎಡಕ್ಕೂ ಬಲಕ್ಕೂ ವಾಲುತ್ತಿತ್ತು. ಕೇಳುತ್ತಿದ್ದ ನಾನೂ ನನಗೆ ಗೊತ್ತಿಲ್ಲದಂತೆ ವಾಲುತ್ತಿದ್ದೆ.

ಅವರು ಭೀಮನಬೀಡಿನವರು. ನಾನು ಕಂಡಾಗಲೇ ಐವತ್ತು ದಾಟಿತ್ತು. ಎತ್ತರದ ಆಳು, ಎರಡೂ ಕಡೆ ಮೂಗುತಿ. ಗಂಡ ಬೇಗ ತೀರಿಕೊಂಡಿದ್ದರು. ಇದ್ದೊಬ್ಬ ಮಗಳನ್ನು ಕುದೇರಿಗೆ ಕೊಟ್ಟಿದ್ದರು. ಸುತ್ತಲ ತೋಟಗಳ ಬೀನ್ಸು, ಟೊಮೆಟೊ, ಕೋಸು, ಕುಂಬಳಕಾಯಿ ಕೊಂಡು ಬತ್ತೇರಿಯ ಮಾರುಕಟ್ಟೆಗೆ ಸಾಗಿಸುವುದು ಅವರ ವ್ಯಾಪಾರ. ಇಪ್ಪತ್ತು ವರ್ಷ ಬಾಡಿಗೆ ಲಾರಿಗಳ ಎಡಗಡೆ ಸೀಟಿನಲ್ಲಿ ಕುಳಿತು ಕಾಡು ದಾಟಿದ್ದರು. ಮಲಯಾಳ ಅವರಿಗೆ ಮನೆಮಾತಿನ ಹಾಗೆ ಬರುತ್ತಿತ್ತು. ಓಣಂ ಹತ್ತಿರವಾದರೆ ಅವರನ್ನು ಮಾತಾಡಿಸಲು ಸಿಗುತ್ತಿರಲಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಕುಂಬಳಕಾಯಿ ಬಲಿತಿದೆಯೇ ಎಂದು ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಾರಲ್ಲ, ಹಾಗೆ ಅವರು ಕಂಡದ್ದನ್ನೆಲ್ಲ ತಟ್ಟುತ್ತಿದ್ದರು. ನಮ್ಮ ಏಜೆನ್ಸಿಯ ಮೇಜು, ಕಿಟಕಿ, ನೀರಿನ ಹೂಜಿ ಯಾವುದನ್ನೂ ಬಿಟ್ಟವರಲ್ಲ. ತಟ್ಟಿ, ತಲೆ ಓರೆ ಮಾಡಿ ಕೇಳಿ, ತಮ್ಮಷ್ಟಕ್ಕೆ ಒಂದು ತೀರ್ಮಾನಕ್ಕೆ ಬರುತ್ತಿದ್ದರು. ಆ ತೀರ್ಮಾನ ಏನೆಂದು ನಮಗೆ ಹೇಳುತ್ತಿರಲಿಲ್ಲ.

ಏಜೆನ್ಸಿ ಅಂದೆನಲ್ಲ, ಅದು ಚಾಮರಾಜನಗರದಲ್ಲಿತ್ತು. ತೊಂಬತ್ತರ ದಶಕದ ನಡುಭಾಗ. ನಾನು ಬಿ.ಕಾಂ. ಮುಗಿಸಿ ಅಲ್ಲಿ ಬುಕಿಂಗ್ ಗುಮಾಸ್ತನಾಗಿದ್ದೆ. ಭಾರ ಹೊರುವ ಪಿಕಪ್ ಗಾಡಿಗಳನ್ನು ಮಾರುತ್ತಿದ್ದೆವು. ಆ ವರ್ಷ ಕಂಪನಿಯವರು ಹಳೆಯ ಮಾಡೆಲ್ ನಿಲ್ಲಿಸಿಬಿಟ್ಟಿದ್ದರು. ಹೊಸದು ಇನ್ನೂ ಬಂದಿರಲಿಲ್ಲ. ಅಂಗಳದ ಹೊಂಗೆ ಮರದ ಕೆಳಗೆ ಹಳೆಯ ಮಾಡೆಲ್ಲಿನ ಕೊನೆಯ ಗಾಡಿಯೊಂದು ಮೈಮೇಲೆ ಎಲೆ ಉದುರಿಸಿಕೊಂಡು ನಿಂತಿತ್ತು. ಅದು ಹೋಗುವ ತನಕ ಹೊಸದರ ಸುದ್ದಿ ಯಾರ ಮುಂದೆಯೂ ಎತ್ತಕೂಡದೆಂದು ಯಜಮಾನರು ನನಗೆ ಎಚ್ಚರಿಕೆ ಕೊಟ್ಟಿದ್ದರು.

ಚಳಿ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ಗಾಡಿ ಕೊಳ್ಳಲು ಬಂದರು. ಮರದ ಕೆಳಗಿದ್ದ ಗಾಡಿಯ ಬಾನೆಟ್ ತಟ್ಟಿದರು, ಹಿಂದಿನ ತೊಟ್ಟಿ ತಟ್ಟಿದರು. ನಾನು ಎಡಗಡೆಯ ಬಾಗಿಲು ತೆಗೆದೆ. ಅದಲ್ಲ, ಆ ಕಡೆಯದು ಅಂದರು. ಬಲಗಡೆಯದನ್ನು ತೆಗೆದಾಗ ಸೀರೆ ಎತ್ತಿ ಸಿಕ್ಕಿಸಿ ಸ್ಟೀರಿಂಗ್ ಮುಂದೆ ಕುಳಿತರು. ಎರಡು ಕೈಯಲ್ಲೂ ಹಿಡಿದು ತಿರುಗಿಸಲು ನೋಡಿದರು. ಬಲಗೈಗೆ ಬಲವಿತ್ತು. ಎಡಗೈ ನಡುಗಿತು. ಮೇಲ್ದುಟಿಯ ಮೇಲೆ ಬೆವರು ಮೂಡಿತೇ ಹೊರತು ಚಕ್ರ ಅಂಗೈಯಗಲವೂ ಸರಿಯಲಿಲ್ಲ.

ಡ್ರೈವರ್ ನೋಡಿಕೊಳ್ಳುತ್ತಾನೆ, ನೀವೇಕೆ ಯೋಚಿಸುತ್ತೀರಿ ಎಂದೆ. ಆಗ ಅವರು ತಮ್ಮ ಎಡಭುಜದ ಕತೆ ಹೇಳಿದರು. ಎರಡು ವರ್ಷದ ಹಿಂದೆ ಮೂಲೆಹೊಳೆ ದಾಟಿ ಒಂದು ತಿರುವಿನಲ್ಲಿ ಅವರು ಕುಳಿತಿದ್ದ ಲಾರಿ ಮಗುಚಿ ಆ ಭುಜಕ್ಕೆ ಪೆಟ್ಟು ಬಿದ್ದಿತ್ತು. ಕುಂಬಳಕಾಯಿಗಳೆಲ್ಲ ಕಾಡಿನೊಳಗೆ ಉರುಳಿದವಂತೆ. ಆನೆಗಳಿಗೆ ಹಬ್ಬವಾಗಿರಬೇಕು ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು:

"ತಿರುವು ಬತ್ತಾ ಅದೆ, ತಿರುಗ್ಸು ಅಂತ ಮೂರು ಸಲ ಅಂದೆ ಕಣಪ್ಪ. ಅವ್ನು ಎರಡು ದಿನದಿಂದ ನಿದ್ದೆಗೆಟ್ಟಿದ್ದ, ಆಗ ಕಣ್ಣು ಮುಚ್ಬುಟ್ಟ. ತಿರುವು ನಂಗೊತ್ತಿತ್ತು. ಚಕ್ರ ಅವ್ನ ಕೈಲಿತ್ತು."

ಅದನ್ನು ಕೇಳಿದ ಮೇಲೆ ನನ್ನಿಂದ ಸುಮ್ಮನಿರಲಾಗಲಿಲ್ಲ. ಯಜಮಾನರು ಒಳಗೆ ಫೋನಿನಲ್ಲಿದ್ದರು. ಇದು ಹಳೆಯ ಮಾಡೆಲ್, ಹೊಸದು ಬರುತ್ತಿದೆ, ಅದರ ಸ್ಟೀರಿಂಗ್ ತುಂಬ ಹಗುರವಂತೆ, ಕಾಯುವುದಾದರೆ ಕಾಯಿರಿ ಎಂದು ಮೆಲ್ಲಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಇದನ್ನು ಹೇಳಿದ್ದಕ್ಕೆ ನಿನ್ನ ಕೆಲಸಕ್ಕೆ ಏನೂ ಆಗುವುದಿಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಅವರು ನಂಬಲಿಲ್ಲವೆಂದು ಕಾಣುತ್ತದೆ. ಒಳಗೆ ಹೋಗಿ ಹೊಸ ಮಾಡೆಲ್ಲಿಗೇ ಹೆಸರು ಬರೆಸಿದರು.

ಆ ಸಂಜೆ ಯಜಮಾನರು ನನ್ನನ್ನು ಕರೆದು, ತಿಂಗಳು ಮುಗಿಯುವುದರೊಳಗೆ ಮರದ ಕೆಳಗಿನ ಗಾಡಿ ಹೋಗದಿದ್ದರೆ ಬೇರೆ ಕೆಲಸ ನೋಡಿಕೋ ಎಂದರು. ನಾಲ್ಕನೆಯ ದಿನ ಬೇಗೂರಿನ ತೆಂಗಿನಕಾಯಿ ವ್ಯಾಪಾರಿ ಅನ್ವರ್ ಸಾಬರು ಬಂದರು. ದಪ್ಪ ಮನುಷ್ಯ, ನಿಧಾನ ಮಾತು. ಹೊಸದು ಬರುವ ವಿಷಯ ಅವರಿಗೆ ಆಗಲೇ ಗೊತ್ತಿತ್ತು. ಚಿಕ್ಕತಾಯಮ್ಮನೇ ಒಂದನ್ನೂ ಬಚ್ಚಿಡದೆ ಹೇಳಿ ಅವರನ್ನು ಕಳಿಸಿದ್ದರು. ಹಳೆಯದಾದರೆ ರಿಪೇರಿ ತಮ್ಮೂರಿನಲ್ಲೇ ಆಗುತ್ತದೆ, ಹೊಸದರ ಹೊಟ್ಟೆಯೊಳಗೆ ಏನಿದೆಯೋ ಯಾರಿಗೆ ಗೊತ್ತು ಎನ್ನುತ್ತ ಅದನ್ನೇ ಕೊಂಡರು. ನನ್ನ ಕೆಲಸ ಉಳಿಯಿತು. ಚಿಕ್ಕತಾಯಮ್ಮ ಆ ವಿಷಯವನ್ನು ಒಮ್ಮೆಯೂ ನನ್ನ ಮುಂದೆ ಎತ್ತಲಿಲ್ಲ.

ಆಮೇಲಿನ ಒಂಬತ್ತು ತಿಂಗಳು ನನಗೆ ಈಗಲೂ ನೆನಪಿರುವುದು ಒಂದು ಉದ್ದನೆಯ ಮಧ್ಯಾಹ್ನದ ಹಾಗೆ. ಗಾಡಿ ಮಳೆಗಾಲಕ್ಕೆ ಬರುತ್ತದೆ ಎಂದರು ಕಂಪನಿಯವರು, ಆಮೇಲೆ ಗೌರಿ ಹಬ್ಬ ಕಳೆಯಲಿ ಎಂದರು, ಆಮೇಲೆ ದೀಪಾವಳಿ. ಚಿಕ್ಕತಾಯಮ್ಮ ಚಾಮರಾಜನಗರದಲ್ಲಿ ಕೆಲಸವಿದ್ದಾಗಲೂ ಬರುತ್ತಿದ್ದರು, ಇಲ್ಲದಿದ್ದಾಗಲೂ ಬರುತ್ತಿದ್ದರು. ಹೊಂಗೆ ಮರದ ಕೆಳಗಿನ ಬೆಂಚಿನ ಮೇಲೆ ಕುಳಿತು, "ಅದ್ನ ಇನ್ನೊಂದು ಸಲ ಓದಪ್ಪ" ಅನ್ನುತ್ತಿದ್ದರು. ಹೊಸ ಮಾಡೆಲ್ಲಿನ ಬಗ್ಗೆ ಕಂಪನಿಯವರು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದ ಒಂದು ಹಾಳೆ ಅದು. ನಾನು ಕನ್ನಡ ಮಾಡಿ ಓದುತ್ತಿದ್ದೆ. ಹಾಳೆಯಲ್ಲಿ ಗಾಡಿ ಒಂದು ಬೆಟ್ಟದ ರಸ್ತೆಯಲ್ಲಿ ನಿಂತಿತ್ತು, ಹಿಂದೆ ಹಿಮದ ಶಿಖರಗಳು. ಅದು ಯಾವ ಊರು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಊಟಿಯಿಂದ ಆಚೆ ಇರಬೇಕು ಎಂದು ಅವರೇ ತೀರ್ಮಾನಿಸಿ, ಒಂದು ದಿನ ಅಲ್ಲಿಗೂ ಹೋಗಬೇಕು ಎಂದರು.

ಅವರಿಗೆ ಬಹಳ ಹಿಡಿಸಿದ್ದ ಸಾಲೆಂದರೆ, ಒಂದೇ ಬೆರಳಿನಲ್ಲಿ ತಿರುಗುವ ಸ್ಟೀರಿಂಗ್ ಎಂಬುದು. ಆ ಸಾಲು ಬಂದಾಗ ಅವರು ತೋರುಬೆರಳನ್ನು ಗಾಳಿಯಲ್ಲಿ ಮೆಲ್ಲಗೆ ಸುತ್ತುತ್ತಿದ್ದರು. ಆ ಸಾಲಿನ ಕೊನೆಗೆ ಒಂದು ಸಣ್ಣ ನಕ್ಷತ್ರದ ಗುರುತಿತ್ತು. ಹಾಳೆಯ ತಳದಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಅದಕ್ಕೆ ಸೇರಿದ ಮಾತೊಂದಿತ್ತು. ನಾನು ಆ ಗುರುತನ್ನು ನೋಡಿದ್ದೆ. ನೋಡಿಯೂ ಕೆಳಗಿನ ಸಾಲಿಗೆ ಹೋಗಲಿಲ್ಲ. ಅವರ ಮುಖದಲ್ಲಿ ಆಗ ಇರುತ್ತಿದ್ದ ಬೆಳಕನ್ನು ನೋಡುವುದು ನನಗೂ ಇಷ್ಟವಾಗಿತ್ತು.

ಮಳೆಗಾಲದ ಒಂದು ಭಾನುವಾರ ಊಟಕ್ಕೆ ಕರೆದರೆಂದು ಭೀಮನಬೀಡಿಗೆ ಹೋದೆ. ಗೋಪಾಲಸ್ವಾಮಿ ಬೆಟ್ಟದ ಮೇಲಿನ ಮೋಡ ತಪ್ಪಲಿನ ತನಕ ಇಳಿದಿತ್ತು. ಅವರ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಒಂದು ದೊಡ್ಡ ಚೌಕ ಎಳೆದಿತ್ತು. ಹಾಳೆಯಲ್ಲಿದ್ದ ಉದ್ದಗಲವನ್ನು ನನ್ನಿಂದ ಕೇಳಿ ತಿಳಿದುಕೊಂಡು ಹೋಗಿ, ಅಳತೆ ಮಾಡಿ ಬರೆದದ್ದು. ಅದು ಗಾಡಿ ನಿಲ್ಲುವ ಜಾಗ. ಅದರೊಳಗೆ ಕೋಳಿ ಬಂದರೂ ಅಟ್ಟುತ್ತಿದ್ದರು. ಮಳೆಗೆ ಅಳಿಸಿದಾಗಲೆಲ್ಲ ಮತ್ತೆ ಬರೆಯುತ್ತಿದ್ದರಂತೆ.

ಊಟವಾದ ಮೇಲೆ ಆ ಚೌಕದ ಮುಂಭಾಗದಲ್ಲಿ ಬಲಕ್ಕೊಂದು ಮಣೆ ಹಾಕಿ ತಾವು ಕುಳಿತರು. ಎಡಕ್ಕೆ ಚಾಪೆ ಹಾಸಿ ನನ್ನನ್ನು ಕೂರಿಸಿದರು. ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ಬತ್ತೇರಿ ರಸ್ತೆಯ ಕನ್ನೇಗಾಲದಿಂದ ಹೊರಟರು. ಕಾಡಂಚಿನ ಮದ್ದೂರಿನ ಗೇಟು ಬಂತು, ಬಿದಿರು ಬಂತು, ಸೇತುವೆ ಬಂತು. ಸೋನೆ ಹನಿ ಮುಖಕ್ಕೆ ಬೀಳುತ್ತಿತ್ತು. ಲಾರಿ ಮಗುಚಿದ ತಿರುವಿನಲ್ಲಿ ಅವರು ಕೈಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ, ಮುಂದೆ ಹೋದರು. ನನಗೆ ಎಲ್ಲೋ ಜೊಂಪು ಹತ್ತಿತ್ತು. ಬತ್ತೇರಿ ಬಂತು, ಇಳಿ ಎಂದಾಗ ಕಣ್ಣು ಬಿಟ್ಟೆ. ಎದ್ದು ನಿಂತರೆ ನಿಜವಾಗಿಯೂ ದೂರ ಪ್ರಯಾಣ ಮಾಡಿದವನ ಹಾಗೆ ತಲೆ ತಿರುಗುತ್ತಿತ್ತು.

ಅದೇ ದಿನಗಳಲ್ಲಿ ಅನ್ವರ್ ಸಾಬರು ತಮ್ಮ ಹಳೆಯ ಮಾಡೆಲ್ ಗಾಡಿಯಲ್ಲೇ ಅವರಿಗೆ ಓಡಿಸುವುದನ್ನು ಕಲಿಸುತ್ತಿದ್ದರು. ಊರಾಚೆಯ ಬಯಲಿನಲ್ಲಿ ಪಾಠ. ಎಡಕ್ಕೆ ತಿರುಗಿಸಬೇಕಾದಾಗ ಚಿಕ್ಕತಾಯಮ್ಮ "ಎಳೀರಿ ಸಾಬ್ರೆ" ಅನ್ನುವರು. ಪಕ್ಕದಲ್ಲಿ ಕುಳಿತ ಸಾಬರು ಕೈ ಹಾಕಿ ಎಳೆಯುವರು. ಒಂದು ಗಾಡಿಗೆ ಇಬ್ಬರು ಡ್ರೈವರು ಎಂದು ಊರವರು ನಗುತ್ತಿದ್ದರಂತೆ. ಹೋಗುತ್ತ ಹೋಗುತ್ತ ಎಳೀರಿ ಅನ್ನುವ ಮಾತು ಕಮ್ಮಿಯಾಯಿತು. ಮೈಸೂರಿಗೆ ಹೋಗಿ ಲೈಸೆನ್ಸನ್ನೂ ಮಾಡಿಸಿಕೊಂಡರು. ಅಷ್ಟರಲ್ಲಿ ಓಣಂ ಬಂತು, ಹೋಯಿತು. ಬಾಡಿಗೆ ಲಾರಿ ಒಂದು ದಿನ ತಡವಾಗಿ ಬಂದು, ಒಂದು ಲೋಡು ಬೀನ್ಸು ಬಾಡಿ ಬಿಸಾಡಬೇಕಾಯಿತು.

ದೀಪಾವಳಿ ಕಳೆದ ವಾರ ಗಾಡಿ ಬಂತು. ನವಿಲಿನ ಕುತ್ತಿಗೆಯ ನೀಲಿ. ಚಿಕ್ಕತಾಯಮ್ಮ ಒಗೆದು ಮಡಿಸಿಟ್ಟಿದ್ದ ಹಸಿರು ಸೀರೆ ಉಟ್ಟು, ಅನ್ವರ್ ಸಾಬರ ಗಾಡಿಯಲ್ಲಿ ಬಂದರು. ಬಾನೆಟ್ ತಟ್ಟಿ ಕೇಳಿ, ಬಾಗಿಲು ತೆಗೆದು ಕುಳಿತು, ತೋರುಬೆರಳೊಂದನ್ನು ಸ್ಟೀರಿಂಗಿಗೆ ಸಿಕ್ಕಿಸಿ ತಿರುಗಿಸಿದರು. ಅದು ಅಲುಗಲಿಲ್ಲ. ಎರಡು ಕೈ ಹಾಕಿದರು. ಹಳೆಯದಕ್ಕಿಂತ ಕೊಂಚ ಹಗುರ, ಅಷ್ಟೇ.

ನಾನು ಒಳಗೆ ಓಡಿ ಹಾಳೆ ತಂದು ತಳದ ಸಾಲನ್ನು ಓದಿದೆ. ಹಗುರದ ಸ್ಟೀರಿಂಗ್ ಆಯ್ದ ಗಾಡಿಗಳಲ್ಲಿ ಮಾತ್ರ ಎಂದಿತ್ತು. ನಮ್ಮ ಕಡೆಗೆ ಅಂಥವನ್ನು ಕಳಿಸಿರಲಿಲ್ಲ. ಬೇಡವಾದರೆ ಬುಕಿಂಗ್ ರದ್ದು ಮಾಡೋಣ, ಇಲ್ಲದಿದ್ದರೆ ಮುಂದಿನ ವರ್ಷ ಆ ಗಾಡಿ ಬರುವ ತನಕ ಕಾಯಬಹುದು ಎಂದು ಯಜಮಾನರು ಹೇಳಿ ಒಳಗೆ ಹೋದರು. ನಾನು ಬಾಗಿಲ ಬಳಿ ನಿಂತು, ಗುರುತು ನೋಡಿದ್ದೆ, ಕೆಳಗಿನ ಸಾಲು ಓದಲಿಲ್ಲ, ತಪ್ಪು ನನ್ನದೇ ಎಂದೆ.

ಚಿಕ್ಕತಾಯಮ್ಮ ಬೆರಳ ಗೆಣ್ಣಿನಿಂದ ಸ್ಟೀರಿಂಗನ್ನು ಒಮ್ಮೆ ತಟ್ಟಿ ಕೇಳಿದರು. ಹೊಂಗೆ ಎಲೆಯ ನೆರಳು ಅವರ ಕೈಗಳ ಮೇಲೆ ಆಡುತ್ತಿತ್ತು.

"ನೀನು ಸುಳ್ಳು ಓದ್ನಿಲ್ಲ ಕಣಪ್ಪ," ಎಂದರು. "ಪೂರ್ತಿ ಓದ್ನಿಲ್ಲ."

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಕೈ ಚಾಚಿದರು. "ಇನ್ನೊಂದು ವರ್ಸ ಕಾದ್ರೆ ಕಾಯಾದೇ ಅಭ್ಯಾಸ ಆಗ್ಬುಡ್ತದೆ. ಕೊಡು ಬೀಗದ ಕೈಯ."

ಪಕ್ಕದಲ್ಲಿ ಕೂರಲು ಅನ್ವರ್ ಸಾಬರು ಮುಂದೆ ಬಂದರು. ಚಿಕ್ಕತಾಯಮ್ಮ ಅವರನ್ನು ತಡೆದು, ಓದಿದವನು ಅವನೇ, ಅವನೇ ಕೂರಲಿ ಎಂದರು. ಸಾಬರು ತಮ್ಮ ಗಾಡಿಯಲ್ಲಿ ಹಿಂದೆ ಬಂದರು. ನಾವು ತೆರಕಣಾಂಬಿಯ ರಸ್ತೆ ಹಿಡಿದೆವು. ಎರಡೂ ಕಡೆ ಹುರುಳಿ ಹೊಲ, ಎಳೆಬಿಸಿಲು. ಗಾಡಿ ಎತ್ತಿನ ಗಾಡಿಗಿಂತ ತುಸು ಜೋರಾಗಿ ಹೋಗುತ್ತಿತ್ತು. ತೆರಕಣಾಂಬಿ ಇನ್ನೂ ಮುಂದಿರುವಾಗ ಒಂದು ಎಡ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಅವರ ಎಡಗೈ ನಡುಗುವುದು ಕಂಡಿತು. ನನಗೆ ತಿಳಿಯದೆಯೇ ನನ್ನ ಕೈ ಸ್ಟೀರಿಂಗಿನ ಕಡೆ ಹೋಯಿತು.

"ಕೈ ತೆಗಿ," ಎಂದರು, ನನ್ನ ಕಡೆ ತಿರುಗದೆ.

ತೆಗೆದೆ. ಭುಜವನ್ನೇ ಮುಂದೆ ದೂಡಿ, ಹಲ್ಲು ಕಚ್ಚಿ, ಪೂರ್ತಿ ತಿರುಗಿಸಿದರು. ಬಸ್ಸು ಪಕ್ಕದಲ್ಲಿ ಹಾದುಹೋಯಿತು, ಅದರ ಗಾಳಿ ನಮ್ಮ ಕಿಟಕಿಯೊಳಗೆ ಬಂದು ಹೋಯಿತು. ಗುಂಡ್ಲುಪೇಟೆಯ ಮನೆಗಳು ಕಾಣಲು ಶುರುವಾದಾಗ, "ಈ ಕಡೆಯಿಂದ ರಸ್ತೆನೇ ಬ್ಯಾರೆ ತರ ಕಾಣ್ತದೆ ಕಣ ಮಗ" ಎಂದರು. ಅವರು ನನ್ನನ್ನು ಮಗ ಎಂದದ್ದು ಅದೇ ಮೊದಲು.

ನಾಲ್ಕು ವರ್ಷ ಅವರೇ ಓಡಿಸಿದರು. ಭುಜ ನೋಯುತ್ತಿತ್ತು, ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಹೊರಡುತ್ತಿದ್ದರು. ಬತ್ತೇರಿಯವರು ಅವರ ಹಾರನ್ ಕೇಳಿಯೇ ಕೂಲಿಗಳನ್ನು ಕರೆಯುತ್ತಿದ್ದರಂತೆ. ನಾನು ಏಜೆನ್ಸಿ ಬಿಟ್ಟು ನಂಜನಗೂಡಿನಲ್ಲಿ ಬೇರೆ ಕೆಲಸ ಹಿಡಿದೆ. ಅಲ್ಲಿ ಯಾವ ಕಾಗದ ಕೈಗೆ ಬಂದರೂ ತಳದ ಸಾಲಿನಿಂದಲೇ ಓದಲು ಶುರು ಮಾಡುತ್ತಿದ್ದೆ.

ದಶಕ ಮುಗಿಯುವ ಮೊದಲೇ, ವಾರದ ಜ್ವರದಲ್ಲಿ ಚಿಕ್ಕತಾಯಮ್ಮ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಮುಟ್ಟಿತು. ಮೂರನೆಯ ದಿನ ಭೀಮನಬೀಡಿಗೆ ಹೋದಾಗ ಅಂಗಳದಲ್ಲಿ ಗಾಡಿ ಇರಲಿಲ್ಲ. ಯಾರ ಯಾರದೋ ತೋಟದಲ್ಲಿ ಅವರ ಮಾತಿನ ಮೇಲೆ ಬೀನ್ಸು ಕಿತ್ತಾಗಿತ್ತು, ಅದು ಕಾಯುವ ವಸ್ತುವಲ್ಲ, ಅನ್ವರ್ ಸಾಬರು ತುಂಬಿಕೊಂಡು ಹೋಗಿದ್ದಾರೆ ಎಂದು ಕುದೇರಿನ ಮಗಳು ಹೇಳಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಾಡಿ ಬಂತು. ಸಾಬರು ಇಳಿದು, ಕೈಕಾಲು ತೊಳೆದು, ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕುಳಿತರು. ಮಾರುಕಟ್ಟೆಯಲ್ಲಿ ಎಲ್ಲರೂ ಗಾಡಿಯ ಸುತ್ತ ಬಂದು, ಅಮ್ಮ ಎಲ್ಲಿ, ಅಮ್ಮ ಯಾಕೆ ಬಂದಿಲ್ಲ ಎಂದು ಕೇಳಿದರಂತೆ.

ನೀವೇನು ಹೇಳಿದಿರಿ ಎಂದೆ.

"ಆ ಮಾತು ಅವ್ರ ಭಾಷೇಲಿ ನಂಗೆ ಬರಾಕಿಲ್ಲ," ಎಂದರು ಸಾಬರು. "ಹಿಂದ್ಗಡೆ ಬತ್ತಾವ್ರೆ ಅಂತ ಕೈ ತೋರಿಸ್ಬುಟ್ಟೆ" ಎಂದು, ಅಲ್ಲಿ ತೋರಿಸಿದ ಹಾಗೆಯೇ ಇಲ್ಲಿಯೂ ರಸ್ತೆಯ ಕಡೆಗೆ ಕೈ ಚಾಚಿದರು.

ನಾವಿಬ್ಬರೂ ಆ ಕಡೆ ನೋಡಿದೆವು.